ಮೀನು ಹೋಯಿತು, ಮೊಟ್ಟೆ ಎಲ್ಲಿಟ್ಟಿರಿ?

ಹಿಂದಿನ ಸಂಚಿಕೆಯಲ್ಲಿ ದಕ್ಷಿಣ ಅಮೆರಿಕದ ವಾರ್ಷಿಕ ಕಿಲ್ಲಿಫಿಶ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಳೆಹೊಂಡದಲ್ಲಿ ಹುಟ್ಟಿ, ಹೊಂಡ ಆರುವ ಮುನ್ನ ಕೆಸರಿನಲ್ಲಿ ಮೊಟ್ಟೆಯಿಟ್ಟು ಸಾಯುವ ಪುಟ್ಟ ಮೀನು ಅದು. ಅದಕ್ಕೆ ಬಂದ ಪತ್ರಗಳನ್ನೆಲ್ಲ ಓದಿದ್ದೇನೆ. ಬಹಳಷ್ಟು ಮಂದಿ ಕೇಳಿರುವುದು ಮೀನಿನ ಆಯಸ್ಸು, ಬಣ್ಣ, ಆಹಾರದ ಬಗ್ಗೆ. ಮೊಟ್ಟೆಯ ಬಗ್ಗೆ ಕೇಳಿದವರು ಕೆಲವರೇ. ನನಗೋ ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಮೊಟ್ಟೆಯ ವಿಷಯವೇ. ಹಾಗಾಗಿ ಉತ್ತರಗಳು ಅತ್ತ ಕಡೆ ವಾಲಿದ್ದರೆ ಬೇಸರಿಸಬೇಡಿ.

ಪ್ರಶ್ನೆ: ಆಸ್ಟ್ರೋಲೇಬಿಯಾಸ್ ನಿಗ್ರಿಪಿನ್ನಿಸ್ ಎಂಬ ಕಿಲ್ಲಿಫಿಶ್ ಜೋಡಿಯೊಂದನ್ನು ತುಂಬ ಅಕ್ಕರೆಯಿಂದ ಸಾಕಿದೆ. ನೀರು ತಪ್ಪದೆ ಬದಲಿಸಿದೆ, ಜೀವಂತ ಆಹಾರವನ್ನೇ ಕೊಟ್ಟೆ. ಆದರೂ ಎಂಟು ತಿಂಗಳಿಗೆ ಎರಡೂ ಒಂದರ ಹಿಂದೊಂದು ಸತ್ತವು. ನನ್ನಿಂದ ಏನು ತಪ್ಪಾಯಿತು?

ಏನೂ ತಪ್ಪಾಗಿಲ್ಲ. ನಿಮ್ಮ ಮೀನುಗಳು ಮುದಿಯಾಗಿ ಸತ್ತಿವೆ. ಪತ್ರದಲ್ಲಿ ನೀವೇ ಬರೆದಿದ್ದೀರಲ್ಲ, ಗಂಡಿನ ಬೆನ್ನು ಗೂನಾಯಿತು, ಕಪ್ಪು ಮೈ ಮೇಲಿನ ನೀಲಿ ಹಸಿರು ಚುಕ್ಕೆಗಳು ಮಂಕಾದವು, ಕೊನೆಗೆ ತಿನ್ನುವುದನ್ನೇ ಬಿಟ್ಟಿತು ಎಂದು. ಅದು ರೋಗವಲ್ಲ, ಮುಪ್ಪು.

ಈ ಮೀನಿನ ಊರು ಅರ್ಜೆಂಟೀನಾ, ಉರುಗ್ವೆ ಕಡೆಯ ಹುಲ್ಲುಗಾವಲು. ಅಲ್ಲಿ ಶರತ್ಕಾಲದ ಮಳೆಗೆ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ, ಚಳಿಗಾಲವಿಡೀ ಇರುತ್ತದೆ, ಬೇಸಿಗೆ ಬರುತ್ತಿದ್ದಂತೆ ಆರಿಹೋಗುತ್ತದೆ. ಅಷ್ಟರೊಳಗೆ ಮೊಟ್ಟೆಯಿಂದ ಹೊರಬಂದು, ಬೆಳೆದು, ಬೆದೆಗೆ ಬಂದು, ಕೆಸರಿನಲ್ಲಿ ಮೊಟ್ಟೆ ಹೂತು ಮುಗಿಸಬೇಕು. ಹೊಂಡ ಆರದೆ ಉಳಿದರೂ, ನಿಮ್ಮ ತೊಟ್ಟಿಯಲ್ಲಿ ನೀರು ಎಂದೂ ಬತ್ತದಿದ್ದರೂ, ದೇಹ ತನ್ನ ಲೆಕ್ಕವನ್ನೇ ಹಿಡಿದು ನಡೆಯುತ್ತದೆ. ಎಂಟರಿಂದ ಹನ್ನೆರಡು ತಿಂಗಳು ಬಾಳಿದರೆ ತುಂಬು ಆಯಸ್ಸು.

ಆ ಲೆಕ್ಕವನ್ನು ಸ್ವಲ್ಪ ನಿಧಾನ ಮಾಡಬಹುದು. ದಾರಿ ಒಂದೇ, ತಂಪು. ಲಿಯು ಮತ್ತು ರಾಯ್ ವಾಲ್ಫರ್ಡ್ ಎಂಬ ಸಂಶೋಧಕರು ಇದೇ ಬಳಗದ ಅಡ್ಲೋಫಿ ಎಂಬ ಮೀನನ್ನು ಬೇರೆ ಬೇರೆ ತಾಪಮಾನದಲ್ಲಿ ಸಾಕಿ 1966ರಲ್ಲಿ ಫಲಿತಾಂಶ ಪ್ರಕಟಿಸಿದರು. ತಣ್ಣನೆಯ ನೀರಿನಲ್ಲಿದ್ದ ಮೀನುಗಳು ಹೆಚ್ಚು ಕಾಲ ಬದುಕಿದ್ದಷ್ಟೇ ಅಲ್ಲ, ಹೆಚ್ಚು ದೊಡ್ಡದಾಗಿಯೂ ಬೆಳೆದವು. ತಂಪಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ನಾವು ತಿಳಿದಿರುವುದಕ್ಕೆ ಇದು ತದ್ವಿರುದ್ಧ. ನಿಗ್ರಿಪಿನ್ನಿಸ್‌ಗೆ 16ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ. 25 ದಾಟಿದರೆ ಅದು ಅವಸರದಲ್ಲಿ ಬದುಕಿ ಮುಗಿಸುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಕಾಣದ ವಿಷಯ ಒಂದೇ: ಆ ಎಂಟು ತಿಂಗಳಲ್ಲಿ ಹೆಣ್ಣು ಇಟ್ಟ ಮೊಟ್ಟೆಗಳೇನಾದವು? ತೊಟ್ಟಿಯ ತಳದಲ್ಲಿ ಕಸ, ಕೊಳೆತ ಎಲೆ, ಪಾಚಿ ಇನ್ನೂ ಇದ್ದರೆ ಎಸೆಯಬೇಡಿ. ಬಸಿದು, ಕೆಳಗಿನ ಉತ್ತರದಲ್ಲಿ ಹೇಳಿರುವ ಹಾಗೆ ಒಣಗಿಸಿ ಎತ್ತಿಡಿ. ಮುಂದೆ ನೀರು ಹಾಕಿದಾಗ ಅದರಲ್ಲಿನ ಮೊಟ್ಟೆಗಳಿಂದ ಮರಿ ಬರಬಹುದು.

ಪ್ರಶ್ನೆ: ಮೊದಲ ಬಾರಿ ಸಾಕುವವರಿಗೆ ಯಾವ ಜಾತಿ ಒಳ್ಳೆಯದು? ನಮ್ಮ ಕೋಣೆಯಲ್ಲಿ ವರ್ಷದ ಬಹುಪಾಲು 26, 27 ಡಿಗ್ರಿ ಇರುತ್ತದೆ.

ಹಾಗಾದರೆ ನಿಗ್ರಿಪಿನ್ನಿಸ್ ಬೇಡ. ನೆಮಟೊಲೇಬಿಯಾಸ್ ವೈಟಿ ಹುಡುಕಿ. ಬ್ರೆಜಿಲಿನ ರಿಯೊ ಡಿ ಜನೈರೊ ರಾಜ್ಯದ ಕರಾವಳಿಯ ತಾತ್ಕಾಲಿಕ ಹೊಂಡಗಳ ಮೀನು, 1942ರಲ್ಲಿ ಮೀನುತಜ್ಞ ಜಾರ್ಜ್ ಮೈಯರ್ಸ್ ಹೆಸರಿಟ್ಟದ್ದು. ಬೆಚ್ಚಗಿನ ನೀರು ಅದಕ್ಕೆ ಒಗ್ಗುತ್ತದೆ, ಹೊಟ್ಟೆಬಾಕ, ಮೊಟ್ಟೆಯೂ ಧಾರಾಳ. ಬ್ರೆಜಿಲಿನ ಒಣನಾಡು ಕಾಟಿಂಗಾದ ಹಿಪ್ಸೊಲೇಬಿಯಾಸ್ ಮೀನುಗಳೂ ಬಿಸಿ ತಡೆಯುತ್ತವೆ, ಅಂದಕ್ಕೂ ಕಡಿಮೆಯಿಲ್ಲ. ಆದರೆ ಅವುಗಳ ಮೊಟ್ಟೆಯಿಂದ ಮರಿ ಬರಲು ಕಾಯಬೇಕಾದ ಕಾಲ ಜಾಸ್ತಿ, ಮೊದಲ ಸಲಕ್ಕೆ ತಾಳ್ಮೆ ಕೆಡುತ್ತದೆ. ಆಸ್ಟ್ರೋಲೇಬಿಯಾಸ್ ಎಲಾಂಗೇಟಸ್‌ನಂಥ ದೊಡ್ಡ ಜಾತಿಗಳ ಚಿತ್ರ ನೋಡಿ ಮರುಳಾಗಬೇಡಿ. ಅವು ಬೇಟೆಗಾರ ಮೀನುಗಳು, ತಮ್ಮ ಹೊಂಡದ ಚಿಕ್ಕ ಕಿಲ್ಲಿಫಿಶ್‌ಗಳನ್ನೇ ತಿಂದು ಬೆಳೆಯುವಂಥವು.

ಯಾವ ಜಾತಿಯಾದರೂ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಒಂದೇ ಹೆಣ್ಣಿದ್ದರೆ ಗಂಡು ಅದನ್ನು ಅಟ್ಟಾಡಿಸಿ ಬಳಲಿಸಿಬಿಡುತ್ತದೆ.

ಪ್ರಶ್ನೆ: ತೊಟ್ಟಿಯಲ್ಲಿ ಮೊಟ್ಟೆಯಿಡಲೆಂದು ಪೀಟ್ (ಜೌಗುನೆಲದಲ್ಲಿ ಕೊಳೆತ ಸಸ್ಯಗಳ ಕಂದು ಪುಡಿ) ಹಾಕಿದ ಡಬ್ಬಿ ಇಟ್ಟಿದ್ದೇನೆ. ಗಂಡು ಅದರ ಮೇಲೆ ಕುಣಿಯುತ್ತದೆ, ಹೆಣ್ಣೂ ಬರುತ್ತದೆ, ಆದರೆ ಮೊಟ್ಟೆ ಮಾತ್ರ ಸಿಗುತ್ತಿಲ್ಲ. ಪೀಟ್ ಎರಡು ಸೆಂ.ಮೀ. ಇದೆ.

ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಆಫ್ರಿಕಾದ ನೊಥೊಬ್ರಾಂಕಿಯಸ್ ಮೀನುಗಳು ಕೆಸರಿನ ಮೇಲ್ಪದರದಲ್ಲೇ ಮೊಟ್ಟೆ ಒತ್ತುತ್ತವೆ, ಅವಕ್ಕೆ ಎರಡು ಸೆಂ.ಮೀ. ಸಾಕು. ದಕ್ಷಿಣ ಅಮೆರಿಕದ ಈ ಬಳಗದಲ್ಲಿ ಬಹುತೇಕ ಎಲ್ಲವೂ ಕೆಸರಿನೊಳಗೇ ಮುಳುಗುವಂಥವು.

ಒಮ್ಮೆ ಹತ್ತಿರ ಕುಳಿತು ನೋಡಿ. ಗಂಡು ರೆಕ್ಕೆಗಳನ್ನೆಲ್ಲ ಅಗಲಿಸಿ, ಮೈ ನಡುಗಿಸುತ್ತ ಪೀಟ್ ಕಡೆಗೆ ಇಳಿಯುತ್ತದೆ. ಮೂತಿಯನ್ನು ಪೀಟ್‌ಗೆ ಆನಿಸಿ, ಬಾಲ ಮೇಲೆ ಮಾಡಿ, ಹಾಗೇ ಕಾಯುತ್ತದೆ. ಹೆಣ್ಣಿಗೆ ಮನಸ್ಸಿದ್ದರೆ ಬಂದು ಅದರ ಪಕ್ಕೆಗೆ ಪಕ್ಕೆ ತಾಗಿಸಿ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ಆಮೇಲೆ ಎರಡೂ ಒಟ್ಟಿಗೆ ತಲೆ ತೂರಿಸುತ್ತವೆ. ಬಾಲದ ತುದಿ ಸಹ ಕಾಣದಂತೆ ಒಳಗೆ ಹೋಗಿ, ಪೀಟ್ ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿಗೆ ಬೇರೆ ಬೇರೆ ಕಡೆಯಿಂದ ಎರಡೂ ಹೊರಬರುತ್ತವೆ. ಮೈಯೆಲ್ಲ ಮುಳುಗುವಷ್ಟು ಆಳ ಸಿಗದಿದ್ದರೆ ಗಂಡು ಕರೆಯುತ್ತಲೇ ಇರುತ್ತದೆ, ಕೆಲಸ ಪೂರ್ತಿಯಾಗುವುದಿಲ್ಲ.

ಮೀನಿನ ಉದ್ದಕ್ಕಿಂತ ಪೀಟ್‌ನ ಆಳ ಹೆಚ್ಚಿರಬೇಕು. ನಿಗ್ರಿಪಿನ್ನಿಸ್‌ಗೆ ಏಳೆಂಟು ಸೆಂ.ಮೀ., ವೈಟಿಗೆ ಹತ್ತಕ್ಕೂ ಮೇಲೆ. ಎತ್ತರದ ಗಾಜಿನ ಜಾಡಿ ಒಳ್ಳೆಯದು. ಬಾಯಿ ಸ್ವಲ್ಪ ಕಿರಿದಾಗಿದ್ದರೆ ಪೀಟ್ ಹೊರಗೆ ಚೆಲ್ಲುವುದಿಲ್ಲ. ಪೀಟ್ ಕುದಿಸಿ, ತಣಿಸಿ, ಹಿಂಡಿ ಹಾಕಿ, ಇಲ್ಲದಿದ್ದರೆ ತೇಲುತ್ತದೆ. ತೆಂಗಿನ ನಾರಿನ ಪುಡಿಯೂ ಆಗುತ್ತದೆ. ಅದನ್ನು ಕಂದು ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ಮತ್ತೆ ಮತ್ತೆ ಕುದಿಸಿ ತೊಳೆಯಬೇಕು. ಗೊಬ್ಬರ ಬೆರೆಸಿದ ತೋಟಗಾರಿಕೆಯ ಪೀಟ್ ಮಾತ್ರ ಯಾವ ಕಾರಣಕ್ಕೂ ಬೇಡ.

ಪ್ರಶ್ನೆ: ಮೊಟ್ಟೆಯಿರುವ ಪೀಟ್ ಅನ್ನು ಎಷ್ಟು ಒಣಗಿಸಬೇಕು, ಎಷ್ಟು ದಿನ ಇಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಳೆದ ಸಲ ಮೂರು ತಿಂಗಳಿಗೆ ಸರಿಯಾಗಿ ನೀರು ಹಾಕಿದೆ, ಒಂದು ಮರಿಯೂ ಬರಲಿಲ್ಲ. ಪೀಟ್ ಎಸೆದುಬಿಟ್ಟೆ.

ಎಸೆದದ್ದು ಓದಿ ಸಂಕಟವಾಯಿತು. ಆ ಪೀಟ್‌ನಲ್ಲಿ ಜೀವಂತ ಮೊಟ್ಟೆ ಇದ್ದಿರುವ ಸಾಧ್ಯತೆಯೇ ಹೆಚ್ಚು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಾನ್ ವೋರ್ಮ್ಸ್ ಎಂಬ ವಿಜ್ಞಾನಿ 1972ರಲ್ಲಿ ವೆನೆಜುವೆಲಾ, ಕೊಲಂಬಿಯಾ ಭಾಗದ ಆಸ್ಟ್ರೋಫಂಡುಲಸ್ ಮೀನುಗಳ ಭ್ರೂಣವನ್ನು ಹಂತಹಂತವಾಗಿ ವಿವರಿಸಿದರು. ಇದರ ಬೆಳವಣಿಗೆ ಮೂರು ಕಡೆ ನಿಲ್ಲಬಲ್ಲದು. ಆ ನಿಲುಗಡೆಗೆ ಡಯಾಪಾಸ್ ಎನ್ನುತ್ತಾರೆ. ಮೊದಲನೆಯದು ಭ್ರೂಣದ ಆಕಾರ ಮೂಡುವುದಕ್ಕೂ ಮುಂಚೆ, ಜೀವಕೋಶಗಳು ಮೊಟ್ಟೆಯ ಭಂಡಾರದ (ಭ್ರೂಣಕ್ಕೆ ಆಹಾರವಾಗುವ ಹಳದಿ ಭಾಗ) ಮೇಲೆ ಚದುರಿಕೊಂಡಿರುವಾಗ. ಎರಡನೆಯದು ಬೆನ್ನಿನ ಗೆರೆ, ಮಿದುಳು, ಹೃದಯದ ಕೊಳವೆ ಮೂಡಿದ ಮೇಲೆ. ಮೂರನೆಯದು ಮರಿ ಪೂರ್ತಿ ತಯಾರಾಗಿ ಚಿಪ್ಪಿನೊಳಗೆ ಸುರುಳಿ ಸುತ್ತಿಕೊಂಡು ನೀರಿಗೆ ಕಾಯುವಾಗ. ಎರಡನೆಯ ನಿಲುಗಡೆಯಲ್ಲಿರುವ ಆಸ್ಟ್ರೋಫಂಡುಲಸ್ ಲಿಮ್ನೇಯಸ್‌ನ ಭ್ರೂಣ 25 ಡಿಗ್ರಿಯಲ್ಲಿ ಆಮ್ಲಜನಕವೇ ಇಲ್ಲದೆ 60 ದಿನಕ್ಕೂ ಮೇಲೆ ಬದುಕಿರಬಲ್ಲದು ಎಂದು ಜೇಸನ್ ಪೊಡ್ರಾಬ್ಸ್ಕಿ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಂಥದ್ದು ಬಹಳ ಅಪರೂಪ.

ನಮಗೆ ಇಲ್ಲಿ ಮುಖ್ಯವಾದ ಮಾತು ಬೇರೆ. ಒಂದೇ ತಾಯಿಯ, ಒಂದೇ ದಿನದ ಮೊಟ್ಟೆಗಳೆಲ್ಲ ಒಂದೇ ಕಡೆ ನಿಲ್ಲುವುದಿಲ್ಲ. ಕೆಲವು ಎರಡನೆಯ ನಿಲುಗಡೆಯನ್ನು ದಾಟಿ ನೇರವಾಗಿ ಮುಂದೆ ಹೋಗುತ್ತವೆ, ಕೆಲವು ತಿಂಗಳುಗಟ್ಟಲೆ ಕೂರುತ್ತವೆ. ಇದರಲ್ಲಿ ಅರ್ಥವಿದೆ. ಅಕಾಲದಲ್ಲಿ ಒಂದು ಮಳೆ ಬಿದ್ದು ಹೊಂಡ ತುಂಬಿ ವಾರದಲ್ಲೇ ಆರಿದರೆ, ಆಗ ಹೊರಬಂದ ಮರಿಗಳೆಲ್ಲ ಸಾಯುತ್ತವೆ. ಎಲ್ಲವೂ ಆಗಲೇ ಹೊರಬಂದಿದ್ದರೆ ಆ ಹೊಂಡದಲ್ಲಿ ಮೀನಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಉಳಿದ ಮೊಟ್ಟೆಗಳು ಮುಂದಿನ ಮಳೆಗೆ ಇರುತ್ತವೆ. ಹಾಗಾಗಿ "ಮೂರು ತಿಂಗಳು" ಎಂಬುದು ಸರಾಸರಿ ಸೂಚನೆ ಅಷ್ಟೆ, ಮೊಟ್ಟೆ ಆ ಮಾತಿಗೆ ಬದ್ಧವಾಗಿಲ್ಲ. ತಾಪಮಾನ ಹೆಚ್ಚಿದ್ದರೆ ಬೇಗ, ಕಡಿಮೆಯಿದ್ದರೆ ತಡ. ನಿಗ್ರಿಪಿನ್ನಿಸ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳು, ವೈಟಿ ಮೂರರಿಂದ ಆರು. ಇದೇ ಬಳಗದ ಟೆರೋಲೇಬಿಯಾಸ್ ಮೀನುಗಳದ್ದು ಅರ್ಧ ವರ್ಷ ದಾಟುವುದೂ ಉಂಟು.

ಇನ್ನು ಒಣಗಿಸುವ ವಿಧಾನ. ಜಾಡಿಯ ಪೀಟ್ ಅನ್ನು ಸಣ್ಣ ಬಲೆಗೆ ಸುರಿದು, ಮುಷ್ಟಿಯಲ್ಲಿ ಮೆಲ್ಲಗೆ ಆದರೆ ಚೆನ್ನಾಗಿ ಹಿಂಡಿ. ಮೊಟ್ಟೆ ಒಡೆಯುತ್ತದೆಂಬ ಭಯ ಬೇಡ, ಅದರ ಚಿಪ್ಪು ಗಟ್ಟಿ. ಕಾಗದದ ಮೇಲೆ ಹರಡಿ, ನೆರಳಿನಲ್ಲಿ ಒಂದೆರಡು ದಿನ ಬಿಡಿ. ಆಗಾಗ ಬೆರಳಾಡಿಸಿ ಗಂಟು ಬಿಡಿಸಿ. ಮುಟ್ಟಿದರೆ ಪುಡಿ ಮಾಡಿದ ಹೊಗೆಸೊಪ್ಪಿನಂತೆ ಬಿಡಿಬಿಡಿಯಾಗಿರಬೇಕು, ಹಿಂಡಿದರೆ ಹನಿ ಬರಬಾರದು, ಆದರೆ ಬೆರಳಿಗೆ ತಂಪು ತಗಲುತ್ತಿರಬೇಕು. ತಂಪೇ ಇಲ್ಲವಾದರೆ ಅತಿಯಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ಗಾಳಿ ಬಿಟ್ಟು ಕಟ್ಟಿ. ನಾನು ಕಟ್ಟಿದ ಚೀಲಗಳನ್ನು ಮರದ ಕಪಾಟಿನ ನಡು ಹಲಗೆಯಲ್ಲಿ ಇಡುತ್ತೇನೆ, ಮೇಲಿನ ಹಲಗೆಯಲ್ಲಿ ಬಿಸಿ ಏರಿಳಿತ ಜಾಸ್ತಿ. 22ರಿಂದ 25 ಡಿಗ್ರಿ ಒಂದೇ ಸಮನೆ ಇದ್ದರೆ ಚೆನ್ನ.

ಕ್ಯಾಲೆಂಡರ್ ನೋಡುವುದಕ್ಕಿಂತ ಮೊಟ್ಟೆ ನೋಡುವುದು ಕಲಿಯಿರಿ. ಚಿಟಿಕೆ ಪೀಟ್ ಅನ್ನು ಬಿಳಿ ತಟ್ಟೆಗೆ ಉದುರಿಸಿ, ಮಿ.ಮೀ.ಗಿಂತ ತುಸು ದೊಡ್ಡ ಮಣಿಗಳನ್ನು ಹುಡುಕಿ. ಒಂದನ್ನು ಗಾಜಿನ ಮೇಲಿಟ್ಟು ಹಿಂದಿನಿಂದ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಗೆ ಮಬ್ಬಾಗಿದ್ದರೆ ಸತ್ತಿದೆ. ಸ್ವಚ್ಛ ಗಾಜಿನಂತೆ ಒಳಗೆ ಎಣ್ಣೆಹನಿ ಮಾತ್ರ ಕಂಡರೆ ಇನ್ನೂ ಕಾಲವಿದೆ. ಕಪ್ಪಗೆ ಎರಡು ಕಣ್ಣು ಕಂಡರೆ ಹತ್ತಿರ ಬಂದಿದೆ. ಆ ಕಣ್ಣಿನ ಸುತ್ತ ಹೊಂಬಣ್ಣದ ಉಂಗುರ ಹೊಳೆಯುತ್ತಿದ್ದು, ಮರಿಯ ಮೈ ಚಿಪ್ಪಿನ ಒಳಗೆಲ್ಲ ತುಂಬಿಕೊಂಡಿದ್ದರೆ ನೀರು ಹಾಕುವ ಹೊತ್ತು ಬಂತು. ಐದಾರು ಮೊಟ್ಟೆ ನೋಡಿ ನಿರ್ಧರಿಸಿ, ಒಂದನ್ನು ನೋಡಿ ಬೇಡ.

ನೀರು ಹಾಕಿ ಮರಿ ಬಂದರೂ ಬರದಿದ್ದರೂ, ಎರಡು ಮೂರು ದಿನದ ನಂತರ ಆ ಪೀಟ್ ಅನ್ನು ಮತ್ತೆ ಬಸಿದು ಒಣಗಿಸಿ ಚೀಲ ಕಟ್ಟಿಡಿ. ಮೂರು ನಾಲ್ಕು ವಾರದ ನಂತರ ಮತ್ತೊಮ್ಮೆ ನೀರು. ಮೊದಲ ಸಲಕ್ಕಿಂತ ಎರಡನೆಯ ಸಲ ಹೆಚ್ಚು ಮರಿ ಬರುವುದನ್ನೂ ಕಂಡಿದ್ದೇನೆ.

ಪ್ರಶ್ನೆ: ಮರಿಗಳೇನೋ ಬಂದವು, ಆದರೆ ಅರ್ಧಕ್ಕರ್ಧ ಈಜದೆ ತಳದಲ್ಲೇ ತೆವಳುತ್ತಿವೆ. ಏನಾದರೂ ಔಷಧ ಇದೆಯೇ?

ಔಷಧ ಇಲ್ಲ. ಅವುಗಳ ಗಾಳಿಚೀಲ ತುಂಬಿಕೊಂಡಿಲ್ಲ. ಮರಿ ಹುಟ್ಟಿದ ಹೊಸದರಲ್ಲೇ ನೀರಿನ ಮೇಲ್ಮೈಗೆ ಬಂದು ಗಾಳಿ ನುಂಗಬೇಕು. ಆ ಅವಕಾಶ ತಪ್ಪಿದರೆ ಮುಂದೆ ತುಂಬುವುದು ಕಷ್ಟ. ಹಾಗಾಗಿ ಮುಂದಿನ ಸಲಕ್ಕೆ ಏನು ಮಾಡಬೇಕೆಂದು ಹೇಳುತ್ತೇನೆ.

ಹೊತ್ತಿಗೆ ಮುಂಚೆ ನೀರು ಹಾಕಿದರೆ ಮರಿ ಬಲಿತಿರುವುದಿಲ್ಲ. ತುಂಬ ತಡವಾದರೆ ಚಿಪ್ಪಿನೊಳಗೆ ಕಾದು ಕಾದು ಭಂಡಾರ ಖಾಲಿಯಾಗಿ ನಿತ್ರಾಣವಾಗಿರುತ್ತದೆ. ಎರಡಕ್ಕೂ ಕಣ್ಣಿನ ಉಂಗುರ ನೋಡುವುದೇ ಮದ್ದು. ನೀರು 15ರಿಂದ 18 ಡಿಗ್ರಿಯಷ್ಟು ತಣ್ಣಗಿರಲಿ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ, ಮರಿಗಳು ಒಟ್ಟೊಟ್ಟಿಗೆ ಹೊರಬರುವುದೂ ಹೆಚ್ಚು. ಆಮೇಲೆ ಅದು ತಾನಾಗಿ ಕೋಣೆಯ ಬಿಸಿಗೆ ಏರಲಿ. ಆಳ ಮೂರರಿಂದ ಐದು ಸೆಂ.ಮೀ. ಮೀರಬಾರದು. ಅಗಲವಾದ ತಟ್ಟೆಯೇ ಆಗಬೇಕು, ಬಕೆಟ್ ಬೇಡ. ನಾನು ಸಂಜೆ ನೀರು ಹಾಕುತ್ತೇನೆ, ಬೆಳಗ್ಗೆ ನೋಡಿದರೆ ಮರಿಗಳು ಅಡ್ಡಾಡುತ್ತಿರುತ್ತವೆ.

ಈಜುವ ಮರಿಗಳನ್ನು ಚಮಚದಲ್ಲಿ ನೀರಿನ ಸಮೇತ ಎತ್ತಿ ಬೇರೆ ತೊಟ್ಟಿಗೆ ಬಿಡಿ, ಬಲೆ ಮುಟ್ಟಿಸಬೇಡಿ. ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯ (ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿ) ಮರಿಗಳನ್ನು ಅಂದೇ ಕೊಡಿ. ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿವೆ ಎಂದು ಗೊತ್ತಾಗುತ್ತದೆ. ಇವುಗಳ ಬದುಕಿನ ವೇಗಕ್ಕೆ ದಿನಕ್ಕೆ ಒಂದು ಹೊತ್ತಿನ ಊಟ ಸಾಲದು, ಎರಡು ಮೂರು ಹೊತ್ತು ಬೇಕು. ಅಷ್ಟು ತಿನ್ನಿಸಿದ ಮೇಲೆ ನೀರು ಬದಲಿಸುವುದರಲ್ಲಿ ಸೋಮಾರಿತನ ಮಾಡಿದರೆ ಎಲ್ಲ ವ್ಯರ್ಥ.

ತೆವಳುವ ಮರಿಗಳಲ್ಲಿ ಕೆಲವು ತಿಂದು ದೊಡ್ಡದಾಗುವುದೂ ಉಂಟು, ಆದರೆ ಆಹಾರಕ್ಕೆ ಉಳಿದವುಗಳ ಜೊತೆ ಪೈಪೋಟಿ ಮಾಡಲಾರವು. ಇಟ್ಟುಕೊಳ್ಳುವುದಾದರೆ ಆಳವಿಲ್ಲದ ಬೇರೆ ಪಾತ್ರೆಯಲ್ಲಿಡಿ.

ಪ್ರಶ್ನೆ: ಒಣಗಿಸದೆ ನೀರಿನಲ್ಲೇ ಮೊಟ್ಟೆ ಬೆಳೆಸಲು ಸಾಧ್ಯವೇ?

ಸಾಧ್ಯ. ಪ್ರಯೋಗಾಲಯಗಳಲ್ಲಿ ಭ್ರೂಣಗಳನ್ನು ಸ್ವಚ್ಛ ನೀರಿನ ತಟ್ಟೆಗಳಲ್ಲೇ ಬೆಳೆಸುತ್ತಾರೆ. ಆದರೆ ದಿನವೂ ನೋಡಿ, ಬೂಸ್ಟು ಹಿಡಿದ ಮೊಟ್ಟೆ ತೆಗೆದು, ನೀರು ಬದಲಿಸಬೇಕು. ಮನೆಯಲ್ಲಿ ಸಾಕುವವರಿಗೆ ಪೀಟ್‌ಗಿಂತ ಸುಲಭದ ದಾರಿ ಕಾಣೆ.

ಪ್ರಶ್ನೆ: ಮೀನಿನ ಮೈ ಮೇಲೆ ಹೊಂಬಣ್ಣದ ನವುರಾದ ಧೂಳು ಕೂತ ಹಾಗಿದೆ, ರೆಕ್ಕೆ ಮುದುರಿಕೊಂಡಿವೆ.

ವೆಲ್ವೆಟ್ ರೋಗ. ಪಿಸಿನೂಡಿನಿಯಂ ಎಂಬ ಪರೋಪಜೀವಿ. ಟಾರ್ಚ್ ಬೆಳಕು ಓರೆಯಾಗಿ ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ತೊಟ್ಟಿಗೆ ಬಟ್ಟೆ ಮುಚ್ಚಿ ಕತ್ತಲು ಮಾಡಿ, ವೆಲ್ವೆಟ್‌ಗೆಂದೇ ಸಿಗುವ ಔಷಧವನ್ನು ಅಳತೆ ತಪ್ಪದೆ ಹಾಕಿ. ಬರದಂತೆ ತಡೆಯಲು ನಾಲ್ಕೈದು ಲೀಟರಿಗೆ ಒಂದು ಟೀ ಚಮಚ ಸಾದಾ ಉಪ್ಪು ಹಾಕುವುದು ಹಳೆಯ ರೂಢಿ, ನಾನೂ ಪಾಲಿಸುತ್ತೇನೆ.

ಪ್ರಶ್ನೆ: ನನ್ನ ಮಗಳ ಪ್ರಶ್ನೆ ಇದು. ಹೊಳೆಗೂ ಕೆರೆಗೂ ಸೇರದ ಒಂಟಿ ಹೊಂಡಕ್ಕೆ ಮೊದಲು ಮೀನು ಬಂದದ್ದಾದರೂ ಹೇಗೆ?

ನಿಮ್ಮ ಮಗಳಿಗೆ ಹೇಳಿ, ಇದೇ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ದೊಡ್ಡ ಪ್ರವಾಹ ಬಂದಾಗ ಹೊಂಡಗಳು ಒಂದಕ್ಕೊಂದು ಸೇರಿಕೊಳ್ಳುವುದು ಒಂದು ದಾರಿ. ಇನ್ನೊಂದು ದಾರಿಯ ಸುಳಿವು ದಕ್ಷಿಣ ಬ್ರೆಜಿಲಿನ ಸಂಶೋಧಕರಿಗೆ ಸಿಕ್ಕಿತು, 2019ರಲ್ಲಿ ಪ್ರಕಟವಾಯಿತು. ಅವರು ಕೊಸ್ಕೊರೊಬಾ ಎಂಬ ಹಂಸಗಳಿಗೆ ಆಹಾರದ ಜೊತೆ ಕಿಲ್ಲಿಫಿಶ್ ಮೊಟ್ಟೆ ತಿನ್ನಿಸಿ, ಹಿಕ್ಕೆಯನ್ನು ಜಾಲಾಡಿ ನೋಡಿದರು. ನೂರಕ್ಕೆ ಒಂದರಷ್ಟು ಮೊಟ್ಟೆ ಚಿಪ್ಪು ಒಡೆಯದೆ ಹೊರಬಂದಿತ್ತು. ಹಾಗೆ ಬಂದ ಮೊಟ್ಟೆಯೊಂದರಿಂದ ಮರಿಯೂ ಹುಟ್ಟಿತು! ನೂರಕ್ಕೆ ಒಂದು ಎಂದರೆ ಅತ್ಯಲ್ಪ ಎನ್ನಿಸಬಹುದು. ಆದರೆ ಸಾವಿರಾರು ವರ್ಷ, ಲೆಕ್ಕವಿಲ್ಲದಷ್ಟು ಹಕ್ಕಿಗಳು ಹೊಂಡದಿಂದ ಹೊಂಡಕ್ಕೆ ಹಾರುತ್ತಲೇ ಇವೆ.

ಪ್ರಶ್ನೆ: ನನ್ನಲ್ಲಿ ಎರಡು ಕಡೆಯಿಂದ ಬಂದ ಒಂದೇ ಜಾತಿಯ ಮೀನುಗಳಿವೆ. ಪೊಟ್ಟಣದ ಮೇಲೆ ಬೇರೆ ಬೇರೆ ಸ್ಥಳದ ಹೆಸರಿತ್ತು. ಜಾಗ ಉಳಿಸಲು ಒಂದೇ ತೊಟ್ಟಿಗೆ ಬಿಡಬಹುದೇ?

ದಯವಿಟ್ಟು ಬಿಡಬೇಡಿ. ಒಂದು ಹೊಂಡದ ಮೀನು ಪಕ್ಕದ ಹೊಂಡಕ್ಕೆ ಸುಲಭದಲ್ಲಿ ಹೋಗದ ಕಾರಣ ಒಂದೊಂದು ಕಡೆಯ ಮೀನಿಗೂ ತನ್ನದೇ ಚಹರೆ ಇರುತ್ತದೆ. ಇಂದು ಒಂದೇ ಜಾತಿ ಎಂದುಕೊಂಡದ್ದು ನಾಳೆ ಎರಡಾಗಬಹುದು, ಈ ಬಳಗದಲ್ಲಿ ಹಾಗೆ ಎಷ್ಟೋ ಸಲ ಆಗಿದೆ. ಅಲ್ಲಿ ಹೊಂಡಗಳನ್ನು ಬಸಿದು ಭತ್ತ, ಸೋಯಾ ಬೆಳೆಯುತ್ತಾರೆ, ರಸ್ತೆ ಮಾಡುತ್ತಾರೆ, ಮನೆ ಕಟ್ಟುತ್ತಾರೆ. ವರ್ಷದ ಅರ್ಧಭಾಗ ಒಣ ನೆಲವಾಗಿ ಕಾಣುವ ಜಾಗದಲ್ಲಿ ಮೀನು ಇದೆಯೆಂದು ಯಾರಿಗೆ ಹೊಳೆಯಬೇಕು? ಬ್ರೆಜಿಲಿನಲ್ಲಿ ಅಳಿವಿನ ಅಂಚಿನಲ್ಲಿರುವ ಮೀನುಗಳ ಪಟ್ಟಿಯಲ್ಲಿ ಈ ಕುಟುಂಬದ್ದೇ ದೊಡ್ಡ ಪಾಲು. ನಿಮ್ಮ ಪೊಟ್ಟಣದ ಮೇಲಿದ್ದ ಹೊಂಡ ಇಂದಿಗೂ ಇದೆಯೋ ಇಲ್ಲವೋ. ತೊಟ್ಟಿಯಲ್ಲಿ ಬೆರಕೆಯಾದ ಮೇಲೆ ಅದನ್ನು ಬಿಡಿಸುವುದು ಯಾರಿಂದಲೂ ಆಗದು.

ಪ್ರತಿ ಚೀಲದ ಒಳಗೊಂದು ಚೀಟಿ ಹಾಕಿ. ಜಾತಿ, ಮೂಲ ಸ್ಥಳದ ಹೆಸರು, ಪೊಟ್ಟಣದಲ್ಲಿ ಏನಾದರೂ ಸಂಕೇತವಿದ್ದರೆ ಅದೂ, ಪೀಟ್ ತೆಗೆದ ತಾರೀಖು. ಪೆನ್ಸಿಲಿನಲ್ಲೇ ಬರೆಯಿರಿ, ತೇವಕ್ಕೆ ಶಾಯಿ ಹರಡಿ ಮಾಸಿಹೋಗುತ್ತದೆ. ನೀರು ಹಾಕಿದ ತಾರೀಖನ್ನು ಅದೇ ಚೀಟಿಯಲ್ಲಿ ಸೇರಿಸುತ್ತ ಹೋಗಿ. ಗಂಡುಗಳನ್ನು ಬಣ್ಣ ನೋಡಿ ಹೇಗೋ ಬೇರ್ಪಡಿಸಬಹುದು, ಹೆಣ್ಣುಗಳೆಲ್ಲ ಒಂದೇ ಕಂದು, ಅವೇ ಮಚ್ಚೆ. ಆದ್ದರಿಂದ ಒಂದೊಂದು ತೊಟ್ಟಿಗೂ ಬೇರೆ ಬಲೆ, ಬೇರೆ ಜಾಡಿ ಇರಲಿ. ಬಲೆಯ ಮಡಿಕೆಯಲ್ಲಿ ಸಿಕ್ಕಿದ ಒಂದು ಮೊಟ್ಟೆ ಕೂಡ ತೊಟ್ಟಿ ಬದಲಾಯಿಸಬಲ್ಲದು. ಸ್ಥಳದ ಹೆಸರು ಕಳೆದುಹೋದ ಮೊಟ್ಟೆಗಳಿದ್ದರೆ ಅವನ್ನು ಬೆಳೆಸಿ ನೋಡಿ ಸಂತೋಷಪಡಿ, ಆದರೆ ಇನ್ನೊಬ್ಬರಿಗೆ ಕೊಡುವಾಗ "ಮೂಲ ತಿಳಿಯದು" ಎಂದು ಚೀಟಿಯಲ್ಲಿ ಬರೆದೇ ಕೊಡಿ.